ಟಾರ್ಕ್ ಮತ್ತು ಅಶ್ವಶಕ್ತಿ: ಮೋಟಾರು ವಾಹನದ ಎರಡು ಅಳತೆಗಳು

ಕಾರು ಕೊಳ್ಳಬಯಸುವವರಿಗೆ ಮಾರಾಟಗಾರರು ನೀಡುವ ವಿವರಪತ್ರದಲ್ಲಿ ಎಂಜಿನ್ನಿನ ಬಗೆಗೆ ಎರಡು ಅಂಕಿಗಳು ತಪ್ಪದೆ ಇರುತ್ತವೆ. ಒಂದು ಅಶ್ವಶಕ್ತಿ, ಇನ್ನೊಂದು ಟಾರ್ಕ್, ಅಂದರೆ ತಿರುಗುಬಲ. ಅಶ್ವಶಕ್ತಿ ಹೆಚ್ಚಿದಷ್ಟೂ ಕಾರು ಬಲಶಾಲಿಯೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಹೆಚ್ಚು ಅಶ್ವಶಕ್ತಿಯ ಕಾರು ತುಂಬಿದ ಹೊರೆಯೊಡನೆ ಘಟ್ಟದಲ್ಲಿ ಏದುಸಿರು ಬಿಡುವುದೂ, ಕಡಿಮೆ ಅಶ್ವಶಕ್ತಿಯ ಕಾರು ಅದೇ ಏರನ್ನು ನಿರಾಯಾಸವಾಗಿ ಹತ್ತುವುದೂ ಉಂಟು. ಈ ವ್ಯತ್ಯಾಸದ ಕಾರಣವನ್ನು ಅರಿತವರು ತಮ್ಮ ಅಗತ್ಯಕ್ಕೆ ತಕ್ಕ ವಾಹನವನ್ನು ಆರಿಸಿಕೊಳ್ಳಬಲ್ಲರು. ಅದನ್ನು ಮಿತವ್ಯಯದಿಂದಲೂ ಸುರಕ್ಷಿತವಾಗಿಯೂ ನಡೆಸಬಲ್ಲರು.

ಬೀಸುವ ಕಲ್ಲಿನ ನಿದರ್ಶನ

ರಾಗಿ ಬೀಸುವ ಕಲ್ಲನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಕಲ್ಲಿನ ಗೂಟವನ್ನು ಕೈಯಿಂದ ಒತ್ತಿದಾಗ ಕಲ್ಲು ತಿರುಗುತ್ತದೆ. ಗೂಟ ಕಲ್ಲಿನ ಅಂಚಿನಲ್ಲಿದ್ದರೆ ಅಲ್ಪ ಬಲ ಸಾಕು. ನಡುವಿಗೆ ಸಮೀಪವಿದ್ದರೆ ಹೆಚ್ಚು ಬಲ ಬೇಕು. ಕೈಯ ಬಲವನ್ನು ನಡುವಿನಿಂದ ಗೂಟಕ್ಕಿರುವ ದೂರದಿಂದ ಗುಣಿಸಿದರೆ ದೊರೆಯುವುದೇ ತಿರುಗುಬಲ. ಇದರ ಅಳತೆ ನ್ಯೂಟನ್ ಮೀಟರ್. ಕಾರಿನ ಎಂಜಿನ್ನಿನಲ್ಲಿ ಇಂಧನ ಉರಿದು ಪಿಸ್ಟನ್ನನ್ನು ದೂಡಿದಾಗ ಕ್ರ್ಯಾಂಕ್ ದಂಡದ ಮೇಲೆ ಬೀಳುವುದು ಇಂಥದೇ ಬಲ.

ಆದರೆ ಕಲ್ಲು ತಿರುಗಿದ ಮಾತ್ರಕ್ಕೆ ಒಂದು ಗಂಟೆಯಲ್ಲಿ ಎಷ್ಟು ಹಿಟ್ಟಾಯಿತೆಂದು ತಿಳಿಯದು. ಅದಕ್ಕೆ ಕಲ್ಲು ಎಷ್ಟು ವೇಗವಾಗಿ ತಿರುಗಿತೆಂಬುದನ್ನೂ ನೋಡಬೇಕು. ತಿರುಗುಬಲ ಮತ್ತು ವೇಗ ಎರಡೂ ಸೇರಿ ಕೆಲಸ ಸಾಗುವ ದರವನ್ನು ನಿರ್ಧರಿಸುತ್ತವೆ. ಈ ದರವನ್ನೇ ಶಕ್ತಿ ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಅಶ್ವಶಕ್ತಿಯಲ್ಲಿ ಇಲ್ಲವೇ ಕಿಲೋವ್ಯಾಟ್‌ನಲ್ಲಿ ಅಳೆಯಲಾಗುತ್ತದೆ.

ಅಶ್ವಶಕ್ತಿಯ ಮೂಲ

ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದೆಂದು ಗ್ರಾಹಕರಿಗೆ ತಿಳಿಸಲು ಈ ಅಳತೆಯನ್ನು ಬಳಕೆಗೆ ತಂದನು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವ ದರವನ್ನು ಒಂದು ಅಶ್ವಶಕ್ತಿಯೆಂದು ಅವನು ಗೊತ್ತುಪಡಿಸಿದನು. ಇದು ಸುಮಾರು 746 ವ್ಯಾಟ್‌ಗೆ ಸಮ. ಮೆಟ್ರಿಕ್ ಪದ್ಧತಿಯಲ್ಲಿ 75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ದರವೇ ಒಂದು ಅಶ್ವಶಕ್ತಿ. ಅಂದರೆ ಸುಮಾರು 735.5 ವ್ಯಾಟ್. ವಿವರಪತ್ರಗಳಲ್ಲಿ ಇದನ್ನು ‘ಪಿ.ಎಸ್.’ ಎಂದು ಬರೆದಿರುತ್ತಾರೆ.

ಅಂಕಿಗಳನ್ನು ಓದುವ ಬಗೆ

ನ್ಯೂಟನ್ ಮೀಟರ್‌ನಲ್ಲಿರುವ ತಿರುಗುಬಲವನ್ನು ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳಿಂದ ಗುಣಿಸಿ 7,024ರಿಂದ ಭಾಗಿಸಿದರೆ ಮೆಟ್ರಿಕ್ ಅಶ್ವಶಕ್ತಿ ದೊರೆಯುತ್ತದೆ. ಈ ಸರಳ ಲೆಕ್ಕ ಮುಖ್ಯವಾದ ಸಂಗತಿಯೊಂದನ್ನು ತಿಳಿಸುತ್ತದೆ. ವಿವರಪತ್ರದಲ್ಲಿರುವ ಅಶ್ವಶಕ್ತಿಯು ಎಲ್ಲ ವೇಗಗಳಲ್ಲಿಯೂ ಲಭ್ಯವಿರುವುದಿಲ್ಲ. ಅದರ ಪಕ್ಕದಲ್ಲಿ ಬರೆದಿರುವ ಸುತ್ತುಗಳಲ್ಲಿ ಮಾತ್ರ ಅದು ಪೂರ್ಣವಾಗಿ ಒದಗುತ್ತದೆ.

2011ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಕಾರನ್ನು ಉದಾಹರಣೆಯಾಗಿ ನೋಡಬಹುದು. ಅದರ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಶಕ್ತಿ ಸುಮಾರು 87 ಅಶ್ವಶಕ್ತಿ; ಅದು ದೊರೆಯುತ್ತಿದ್ದುದು 6,000 ಸುತ್ತುಗಳಲ್ಲಿ. ಗರಿಷ್ಠ ತಿರುಗುಬಲ 114 ನ್ಯೂಟನ್ ಮೀಟರ್. ಡೀಸೆಲ್ ಎಂಜಿನ್ನಿನದು 75 ಅಶ್ವಶಕ್ತಿಯಾದರೂ 2,000 ಸುತ್ತುಗಳಲ್ಲಿಯೇ 190 ನ್ಯೂಟನ್ ಮೀಟರ್ ತಿರುಗುಬಲ ಒದಗುತ್ತಿತ್ತು. ಮೇಲಿನ ಸೂತ್ರದ ಪ್ರಕಾರ 2,000 ಸುತ್ತುಗಳಲ್ಲಿ ಡೀಸೆಲ್ ಎಂಜಿನ್ ಸುಮಾರು 54 ಅಶ್ವಶಕ್ತಿ ನೀಡಿದರೆ, ಪೆಟ್ರೋಲ್ ಎಂಜಿನ್ನಿನಿಂದ 33ಕ್ಕಿಂತ ಹೆಚ್ಚು ಬರಲಾರದು. ನಗರದ ದಟ್ಟಣೆಯಲ್ಲಿಯೂ ಏರುದಾರಿಯಲ್ಲಿಯೂ ಎಂಜಿನ್ ಹೆಚ್ಚಾಗಿ ತಿರುಗುವುದು ಇಂಥ ಕಡಿಮೆ ಸುತ್ತುಗಳಲ್ಲಿಯೇ. ಹೆಚ್ಚು ಅಶ್ವಶಕ್ತಿಯ ಕಾರು ಅಲ್ಲಿ ಹಿಂದೆ ಬೀಳುವುದರ ಗುಟ್ಟು ಇದು.

ಗೇರಿನ ಪಾತ್ರ

ಹಾಗೆಂದು ಪೆಟ್ರೋಲ್ ಕಾರು ಘಟ್ಟ ಏರಲಾರದೆಂದು ಅರ್ಥವಲ್ಲ. ಗೇರು ವೇಗವನ್ನು ಬಿಟ್ಟುಕೊಟ್ಟು ತಿರುಗುಬಲವನ್ನು ಪಡೆಯುವ ಸಾಧನ. ಮೊದಲನೆಯ ಗೇರು ಮತ್ತು ಚಕ್ರದ ಬಳಿಯ ಹಲ್ಲುಗಾಲಿಗಳು ಒಟ್ಟಾಗಿ ಬಲವನ್ನು 14 ಪಟ್ಟು ಹೆಚ್ಚಿಸಿದರೆ, ಎಂಜಿನ್ನಿನ 100 ನ್ಯೂಟನ್ ಮೀಟರ್ ಚಕ್ರಗಳಲ್ಲಿ 1,400 ಆಗುತ್ತದೆ. ಚಕ್ರಗಳ ಸುತ್ತು ಹದಿನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಘರ್ಷಣೆಯಿಂದಾಗುವ ಅಲ್ಪ ನಷ್ಟದ ಹೊರತು ಶಕ್ತಿ ಮಾತ್ರ ಬದಲಾಗುವುದಿಲ್ಲ.

ಆದುದರಿಂದ ಏರಿನಲ್ಲಿ ಎಂಜಿನ್ ನಡುಗತೊಡಗಿದರೆ ಮೇಲಿನ ಗೇರಿನಲ್ಲಿಯೇ ಆಕ್ಸಿಲರೇಟರನ್ನು ಒತ್ತುತ್ತಿರುವುದು ಸರಿಯಲ್ಲ. ಅದರಿಂದ ಇಂಧನ ವ್ಯರ್ಥವಾಗುತ್ತದೆ, ಎಂಜಿನ್ನಿಗೂ ಹಾನಿ. ಕೆಳಗಿನ ಗೇರಿಗೆ ಬದಲಾಯಿಸಿ ಎಂಜಿನ್ನಿಗೆ ಬೇಕಾದ ಸುತ್ತುಗಳನ್ನು ಒದಗಿಸುವುದೇ ಸರಿಯಾದ ಕ್ರಮ. ಸಮತಟ್ಟಾದ ಹೆದ್ದಾರಿಯಲ್ಲಿ ಇದಕ್ಕೆ ವಿರುದ್ಧವಾಗಿ, ಎಂಜಿನ್ ನಡುಗದಂತೆ ಎಷ್ಟು ಮೇಲಿನ ಗೇರಿನಲ್ಲಿ ಸಾಗಬಹುದೋ ಅಷ್ಟೂ ಇಂಧನ ಉಳಿಯುತ್ತದೆ.

ಘಟ್ಟ ಇಳಿಯುವಾಗ

ಮುಂಬಯಿ ಮತ್ತು ಪುಣೆಗಳ ನಡುವಣ ಬೋರ್ ಘಾಟಿನಂತಹ ಇಳಿಜಾರುಗಳಲ್ಲಿ ತಿರುಗುಬಲದ ಇನ್ನೊಂದು ಮುಖ ಕಾಣುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಪ್ರತಿರೋಧವೇ ವಾಹನವನ್ನು ತಡೆಯುತ್ತದೆ. ಗೇರು ಕೆಳಗಿದ್ದಷ್ಟೂ ತಡೆ ಹೆಚ್ಚು. ಘಟ್ಟವನ್ನು ಏರಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿಗೆ ಇದೇ ಆಧಾರ. ಇಂಧನ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಇಳಿಯುವವರು ಈ ತಡೆಯನ್ನು ಕಳೆದುಕೊಳ್ಳುತ್ತಾರೆ. ಆಗ ಭಾರವೆಲ್ಲ ಬ್ರೇಕುಗಳ ಮೇಲೆ ಬಿದ್ದು, ಅವು ಕಾದು ಹಿಡಿತ ತಪ್ಪುವ ಅಪಾಯವಿದೆ. ಇಂಧನದ ಉಳಿತಾಯವೂ ಭ್ರಮೆಯೇ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿ ಇಳಿಯುವಾಗ ಇಂಧನ ಪೂರೈಕೆ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲನೆಯಲ್ಲಿರಲು ಇಂಧನ ಉರಿಯುತ್ತಲೇ ಇರುತ್ತದೆ.

ಕಿರಿದಾದ ಗುಡ್ಡದ ದಾರಿಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ಆದ್ಯತೆ ನೀಡಬೇಕೆಂದು 1989ರ ರಸ್ತೆ ನಿಯಮಾವಳಿಯಲ್ಲಿ ವಿಧಿಸಲಾಗಿತ್ತು. ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಹೊರಡಿಸಲು ಅತಿ ಹೆಚ್ಚಿನ ತಿರುಗುಬಲ ಬೇಕಾಗುವುದರಿಂದ ಈ ಸೌಜನ್ಯ ಇಂದಿಗೂ ಅಷ್ಟೇ ಅಗತ್ಯ.

ಕೊಳ್ಳುವವರು ಗಮನಿಸಬೇಕಾದುದು

ವಿದ್ಯುತ್ ಕಾರುಗಳ ಮೋಟಾರು ನಿಂತಲ್ಲಿಂದಲೇ ಗರಿಷ್ಠ ತಿರುಗುಬಲ ನೀಡುವುದರಿಂದ ಅವುಗಳಲ್ಲಿ ಬಹುತೇಕ ಒಂದೇ ಗೇರು ಸಾಕಾಗುತ್ತದೆ. ಪೆಟ್ರೋಲ್ ಅಥವಾ ಡೀಸೆಲ್ ಕಾರು ಕೊಳ್ಳುವವರು ದೊಡ್ಡ ಅಂಕಿಯನ್ನಷ್ಟೇ ನೋಡದೆ, ಅದು ಎಷ್ಟು ಸುತ್ತುಗಳಲ್ಲಿ ದೊರೆಯುತ್ತದೆಂಬುದನ್ನೂ ಓದುವುದು ಒಳಿತು. ಕುಟುಂಬದವರೊಡನೆ ಸಾಮಾನು ಹೇರಿಕೊಂಡು ಘಟ್ಟದ ದಾರಿಯಲ್ಲಿ ಸಾಗುವವರಿಗೆ ಕಡಿಮೆ ಸುತ್ತುಗಳಲ್ಲಿ ಒದಗುವ ತಿರುಗುಬಲ ಹೆಚ್ಚು ಉಪಯುಕ್ತ. ಪರೀಕ್ಷಾರ್ಥ ಚಾಲನೆಯನ್ನು ಖಾಲಿ ಕಾರಿನಲ್ಲಿ ಮಾಡದೆ, ಎಲ್ಲ ಆಸನಗಳೂ ತುಂಬಿರುವಾಗ, ಸಾಧ್ಯವಿದ್ದರೆ ಯಾವುದಾದರೂ ಏರಿನಲ್ಲಿ, ಮಾಡಿ ನೋಡುವುದು ಸೂಕ್ತ.