ಬೇರು ತುಂಬಿದ ಹಲ್ಲು ಎಲ್ಲಿಂದ ಸೋರುತ್ತದೆ?

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಕೊಳೆತ ತಿರುಳನ್ನು ತೆಗೆದು, ಬೇರಿನ ನಾಳವನ್ನು ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಕಡ್ಡಿಯನ್ನೂ ಸಂದು ಮುಚ್ಚುವ ಸೀಲರನ್ನೂ ತುಂಬುತ್ತಾರೆ. ತುಂಬಿದ್ದು ಸೋರಿದರೆ ಜೊಲ್ಲಿನೊಡನೆ ರೋಗಾಣು ಇಳಿದು ಬೇರಿನ ತುದಿಯಲ್ಲಿ ಮತ್ತೆ ಕೀವು ಕಟ್ಟುತ್ತದೆ. ಹಾಗಾಗಿ ಯಾವ ವಸ್ತು ಕಡಿಮೆ ಸೋರುತ್ತದೆಂದು ಅಳೆಯುವ ಪರೀಕ್ಷೆಗಳು ಬೆಳೆದವು. ಕಿತ್ತ ಹಲ್ಲನ್ನು ತುಂಬಿ, ಬೇರಿನ ತುದಿಯನ್ನಷ್ಟೇ ಬಿಟ್ಟು ಹೊರಮೈಗೆಲ್ಲ ನೇಲ್ ಪಾಲಿಶ್ ಬಳಿದು, ಮಿಥಿಲೀನ್ ನೀಲಿಯಲ್ಲಿ ಅದ್ದಿ, ಆಮೇಲೆ ಸೀಳಿ ಬಣ್ಣ ಎಷ್ಟು ಮಿಲಿಮೀಟರ್ ನುಗ್ಗಿದೆ ಎಂದು ನೋಡುವುದು ಅವುಗಳಲ್ಲಿ ಅಗ್ಗದ್ದು, ಸುಲಭದ್ದು. ಆ ಅಂಕಿಯೊಂದನ್ನೇ ನಂಬಿ ವಸ್ತುವನ್ನು ಆರಿಸಬಾರದೆಂಬುದು ನನ್ನ ವಾದ.

ಬಣ್ಣದ ಅಣು ರೋಗಾಣುವಿಗಿಂತ ಎಷ್ಟೋ ಪಾಲು ಚಿಕ್ಕದು. ರೋಗಾಣು ನುಸುಳಲಾಗದ ಸಂದಿನಲ್ಲೂ ಅದು ನುಗ್ಗೀತು. ನಾಳದಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ದೊಡ್ಡ ಸಂದಿನಲ್ಲೂ ನಿಂತೀತು. ಎಂಟಿಎಯಂಥ ಕ್ಯಾಲ್ಸಿಯಂ ಸಿಮೆಂಟುಗಳು ಮಿಥಿಲೀನ್ ನೀಲಿಯ ಬಣ್ಣವನ್ನೇ ಕಳೆಯುತ್ತವೆ, ಸೋರಿದರೂ ಗುರುತು ಸಿಗುವುದಿಲ್ಲ. 2001ರಲ್ಲಿ ಆಲಿವರ್ ಮತ್ತು ಅಬಾಟ್, ಹಿಂದೆಯೇ ಚಿಕಿತ್ಸೆಯಾಗಿದ್ದ 116 ಬೇರುಗಳನ್ನು ಬಣ್ಣಕ್ಕಿಟ್ಟರು. ಗುಣವಾಗಿದ್ದವು, ಆಗದವು ಎಂಬ ಭೇದವಿಲ್ಲದೆ ಹೆಚ್ಚುಕಡಿಮೆ ಎಲ್ಲದರೊಳಗೂ ಬಣ್ಣ ಇಳಿದಿತ್ತು. ಗುಣವಾದವುಗಳಲ್ಲಿ ಅದು ಇಳಿದ ಉದ್ದ ಕಡಿಮೆಯಿತ್ತು, ನಿಜ. ಆದರೆ ಬಣ್ಣ ಕಂಡಿತೆಂದ ಮಾತ್ರಕ್ಕೆ ಹಲ್ಲು ಕೆಟ್ಟಿತೆನ್ನಲಾಗದು. ಬಣ್ಣ ಬಿಟ್ಟು ನೀರಿನ ಒತ್ತಡದಿಂದ ಅಳೆಯಬಹುದಲ್ಲ ಎಂದರೆ, ಆ ಅಳತೆ ಹೆಚ್ಚು ನಿಖರ, ಹಲ್ಲನ್ನು ಸೀಳಬೇಕಾಗಿಯೂ ಇಲ್ಲ. ಆದರೂ ಬಾಯಿಯಲ್ಲಿ ಮುಂದೇನಾಗುತ್ತದೆಂದು ಅದೂ ಹೇಳದು. 2007ರಲ್ಲಿ 'ಜರ್ನಲ್ ಆಫ್ ಎಂಡೋಡಾಂಟಿಕ್ಸ್' ಪತ್ರಿಕೆಯ ಸಂಪಾದಕ ಮಂಡಳಿಯೇ ವಸ್ತುಗಳನ್ನು ಹೋಲಿಸುವ ಇಂಥ ಸೋರಿಕೆ ಅಧ್ಯಯನಗಳಿಗೆ ಬಾಗಿಲು ಮುಚ್ಚಿತು.

ಕಾಳಜಿ ಬೇಕಿರುವುದು ಹಲ್ಲಿನ ಮೇಲ್ಭಾಗದಲ್ಲೂ. 1990ರಲ್ಲಿ ತೊರಾಬಿನೆಜಾದ್ ಮತ್ತು ಸಂಗಡಿಗರು ಬೇರು ತುಂಬಿದ ಹಲ್ಲುಗಳ ಮೇಲ್ಭಾಗವನ್ನು ಮುಚ್ಚದೆ ಬಿಟ್ಟಾಗ, ಒಂದು ಬಗೆಯ ರೋಗಾಣು 19 ದಿನದಲ್ಲಿ, ಇನ್ನೊಂದು 42 ದಿನದಲ್ಲಿ ಅರ್ಧಕ್ಕೂ ಹೆಚ್ಚು ನಾಳಗಳನ್ನು ದಾಟಿ ತುದಿ ಮುಟ್ಟಿದವು. 1995ರಲ್ಲಿ ರೇ ಮತ್ತು ಟ್ರೋಪ್ 1010 ಹಲ್ಲುಗಳ ಎಕ್ಸ್-ರೇ ನೋಡಿದಾಗ, ಬೇರಿನ ಕೆಲಸ ಚೆನ್ನಾಗಿದ್ದು ಮೇಲಿನ ಮುಚ್ಚಳ ಕೆಟ್ಟಿದ್ದವುಗಳಲ್ಲಿ ಶೇ. 44ರಷ್ಟು ಮಾತ್ರ ಆರೋಗ್ಯವಾಗಿದ್ದವು. ಬೇರು ಕೆಟ್ಟಿದ್ದರೂ ಮುಚ್ಚಳ ಚೆನ್ನಾಗಿದ್ದವುಗಳಲ್ಲಿ ಶೇ. 68ರಷ್ಟು. ಇದಕ್ಕೆ ಆಕ್ಷೇಪವುಂಟು: 2000ದಲ್ಲಿ ನಾರ್ವೆಯ ಟ್ರಾನ್‌ಸ್ಟಾಡ್ ತಂಡ 1001 ಹಲ್ಲುಗಳನ್ನು ನೋಡಿ, ಬೇರಿನ ಕೆಲಸ ಕೆಟ್ಟಿದ್ದರೆ ಮುಚ್ಚಳದಿಂದ ಪ್ರಯೋಜನವಿಲ್ಲ ಎಂದಿತು. ಆ ತಂಡದ ಲೆಕ್ಕದಲ್ಲೂ ಬೇರು, ಮುಚ್ಚಳ ಎರಡೂ ಚೆನ್ನಾಗಿದ್ದಾಗ ಶೇ. 81 ಆರೋಗ್ಯ, ಮುಚ್ಚಳ ಮಾತ್ರ ಕೆಟ್ಟಾಗ ಶೇ. 71. ಎಂದರೆ ಬೇರಿಗೆ ಕೊಟ್ಟಷ್ಟೇ ಗಮನ ಮುಚ್ಚಳಕ್ಕೂ ಬೇಕು.

ನಮ್ಮ ಸೀಮೆಯಲ್ಲಿ ಮುಚ್ಚಳದ ಮಾತು ಇನ್ನೂ ಮುಖ್ಯ. ರಾಯಚೂರಿನಲ್ಲಿ ನವೋದಯ, ಎಎಂಇ ಎಂಬ ಎರಡು ದಂತವೈದ್ಯ ಕಾಲೇಜುಗಳಿವೆ. ದೇವದುರ್ಗ, ಮಾನ್ವಿ ಕಡೆಯವರು ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ನೋವು ನಿಂತ ಮೇಲೆ, ತಾತ್ಕಾಲಿಕ ಸಿಮೆಂಟಿನಲ್ಲೇ ಗುಳೆ ಹೊರಟವನ ಹಲ್ಲಿನಲ್ಲಿ ಯಾವ ಸೀಲರ್ ಇದ್ದರೇನು? ಕೆಲವು ವಾರಗಳಿಗೆಂದು ಹಾಕಿದ ಸಿಮೆಂಟು ಹಬ್ಬಕ್ಕೆ ಊರಿಗೆ ಬರುವವರೆಗೂ ತಡೆಯಲಾರದು. ಬೇರು ತುಂಬಿದ ದಿನವೇ ಗಟ್ಟಿ ಸಿಮೆಂಟು ಹಾಕಿ ಕಳಿಸಿ, ವರ್ಷವಾದ ಮೇಲೆ ಕರೆಸಿ ಎಕ್ಸ್-ರೇ ನೋಡಿ ಲೆಕ್ಕವಿಟ್ಟರೆ, ನೀಲಿ ಬಣ್ಣ ಹೇಳದ ಉತ್ತರ ಈ ಸೀಮೆಯ ಹಲ್ಲುಗಳಿಂದಲೇ ಸಿಕ್ಕೀತು.