ನಿಮಗಿದು ಗೊತ್ತೆ? ಬಾಹ್ಯಾಕಾಶದಿಂದ ಇಳಿದ ಸರ್ವಾಧಿಕಾರಿಗಳು
1983ರ ಮೇ 1 ಮತ್ತು 2ರಂದು ಅಮೆರಿಕದ ಎನ್‌ಬಿಸಿ ವಾಹಿನಿ ‘ವಿ’ ಎಂಬ ಕಿರುಸರಣಿಯನ್ನು ಪ್ರಸಾರ ಮಾಡಿತು. ಮಹಾನಗರಗಳ ನೆತ್ತಿಯ ಮೇಲೆ ಬೃಹತ್ ಹಾರುತಟ್ಟೆಗಳು ಬಂದು ನಿಲ್ಲುತ್ತವೆ. ಇಳಿದು ಬಂದ ‘ಅತಿಥಿ’ಗಳು ನೋಡಲು ಥೇಟ್ ಮನುಷ್ಯರೇ, ಮಾತೂ ಬೆಣ್ಣೆಯಂಥದ್ದು. ಚರ್ಮದಡಿ ಇರುವುದು ಮಾತ್ರ ಹಲ್ಲಿಯ ಹಸಿರು ಮೈ.

ಸ್ವಾರಸ್ಯವೆಂದರೆ, ಸರಣಿಯ ಸೃಷ್ಟಿಕರ್ತ ಕೆನೆತ್ ಜಾನ್ಸನ್ ಮೊದಲು ಬರೆದ ಚಿತ್ರಕಥೆಯಲ್ಲಿ ಅನ್ಯಗ್ರಹದವರ ಸುಳಿವೇ ಇರಲಿಲ್ಲ! ಸಿಂಕ್ಲೇರ್ ಲೂಯಿಸ್ ಅವರ 1935ರ ಕಾದಂಬರಿ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ನಿಂದ ಪ್ರೇರಣೆ ಪಡೆದ ಅದು, ಅಮೆರಿಕದಲ್ಲೇ ಫ್ಯಾಸಿಸಂ ತಲೆಯೆತ್ತುವ ಕಥೆ. ಆಗ ‘ಸ್ಟಾರ್ ವಾರ್ಸ್’ ಅಲೆ. ವಾಹಿನಿಗೆ ಅಂಥದ್ದೇ ಬೇಕಿತ್ತು; ಹಾಗಾಗಿ ಫ್ಯಾಸಿಸ್ಟರು ಅನ್ಯಗ್ರಹದವರಾದರು.

ವೇಷ ಬದಲಾದರೂ ನಾತ್ಸಿ ನೆರಳು ಅಳಿಯಲಿಲ್ಲ: ಸ್ವಸ್ತಿಕ ನೆನಪಿಸುವ ಲಾಂಛನ, ಸಮವಸ್ತ್ರದ ಯುವದಳ, ಯಹೂದಿಗಳ ಜಾಗದಲ್ಲಿ ಬೇಟೆಗೊಳಗಾಗುವ ವಿಜ್ಞಾನಿಗಳು. ಅತಿಥಿಗಳ ಪೈಕಿ ಖಳನಾಯಕಿ ಡಯಾನಾ ಗಿನಿಪಿಗ್ ನುಂಗುವ ದೃಶ್ಯವೇ ಹೆಚ್ಚು ಪ್ರಸಿದ್ಧ. ಆದರೆ ಕಾಡುವ ದೃಶ್ಯ ಬೇರೆಯೇ. ಅತಿಥಿಗಳ ಪೋಸ್ಟರ್ ಕೆಡಿಸುತ್ತಿದ್ದ ಹುಡುಗರನ್ನು ಅಬ್ರಹಾಂ ಎಂಬ ಮುದುಕ ತಡೆಯುತ್ತಾನೆ. ಹಿಟ್ಲರನ ಹತ್ಯಾಕಾಂಡದಲ್ಲಿ ಬದುಕುಳಿದವನು ಆತ. ಸ್ಪ್ರೇ ಡಬ್ಬಿ ಕೈಗೆತ್ತಿಕೊಂಡು, ಪೋಸ್ಟರ್ ಮೇಲೆ ಕೆಂಪು ಬಣ್ಣದಲ್ಲಿ ‘ವಿ’ ಬರೆದು, ವಿ ಎಂದರೆ ವಿಕ್ಟರಿ, ಗೆಲುವು ಎಂದು ಹೇಳಿಕೊಡುತ್ತಾನೆ.

2009ರಲ್ಲಿ ಎಬಿಸಿ ವಾಹಿನಿ ಈ ಸರಣಿಯನ್ನು ಮರುನಿರ್ಮಿಸಿತು. ಈ ಸಲದ ಅತಿಥಿಗಳು ಎಲ್ಲರಿಗೂ ಆರೋಗ್ಯಸೇವೆಯ ಆಸೆ ತೋರಿಸಿದರು. ಅಂದಿನ ಅಧ್ಯಕ್ಷ ಒಬಾಮ ಅವರ ಆರೋಗ್ಯ ಸುಧಾರಣೆಯ ಚರ್ಚೆ ಕಾವೇರಿದ್ದ ಹೊತ್ತದು. ಕೆಲವು ವಿಮರ್ಶಕರು ಇದು ಒಬಾಮ ಅವರನ್ನೇ ಕುಟುಕಿದ್ದೆಂದರು. ನಿರ್ಮಾಪಕರು ಒಪ್ಪಲಿಲ್ಲ.