ಕುಲುಮೆಯ ಮಚ್ಚು: ಹರಿತ, ಬಾಳಿಕೆ ಪರೀಕ್ಷಿಸುವ ಬಗೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಗಿ ನೆಲೆಯೂರಿತು. ತಳಿ, ಗೊಬ್ಬರ, ನೀರು, ಕೀಟ ಇವುಗಳ ಬಗ್ಗೆ ಅಂದಿನಿಂದಲೂ ಸಾಕಷ್ಟು ಚರ್ಚೆಯಾಗಿದೆ. ವರ್ಷವಿಡೀ ಬೆಳೆಸಿದ ಬೆಳೆಯನ್ನು ಕೊನೆಯಲ್ಲಿ ಕೈಗೆ ತಂದುಕೊಡುವ ಮಚ್ಚಿನ ವಿಷಯ ಮಾತ್ರ ಹಿಂದೆಯೇ ಉಳಿದಿದೆ. ಸಂತೆಯಲ್ಲೋ ಕುಲುಮೆಯ ಮುಂದೆಯೋ ನಿಂತು, ಹೆಬ್ಬೆರಳಿನಿಂದ ಬಾಯಿ ಸವರಿ, ಹರಿತವಾಗಿದೆ ಎಂದು ಹಣ ಕೊಟ್ಟು ಬರುವುದು ವಾಡಿಕೆ. ಸಾಣೆ ಹಿಡಿದರೆ ತಗಡಿನ ತುಂಡೂ ಹರಿತವಾಗುತ್ತದೆ. ಆ ಹರಿತ ಮಧ್ಯಾಹ್ನದವರೆಗೆ ನಿಲ್ಲುವುದೇ ಎಂಬುದೇ ಮುಖ್ಯ ಪ್ರಶ್ನೆ.

ಮೊಂಡು ಮಚ್ಚಿನಿಂದ ಆಗುವ ನಷ್ಟ ಕಡಿಯುವವನ ತೋಳುನೋವಿಗೆ ಮುಗಿಯುವುದಿಲ್ಲ. ಬಾಯಿ ಮಂಕಾದಂತೆ ಕೈ ತಾನಾಗಿಯೇ ಮೇಲಕ್ಕೆ ಸರಿಯುತ್ತದೆ. ನೆಲಮಟ್ಟದ ಗಟ್ಟಿ ಗೆಣ್ಣು ಬಿಟ್ಟು ಅದರ ಮೇಲೆ ಕಡಿಯುವುದು ಸುಲಭವೆನಿಸುತ್ತದೆ. ಎಕರೆಗೆ 40,000 ಜಲ್ಲೆ, ಒಂದೊಂದೂ 2 ಮೀಟರ್ ಉದ್ದ, 1 ಕೆ.ಜಿ. ತೂಕ ಎಂದು ಇಟ್ಟುಕೊಂಡರೆ, ಪ್ರತಿ ಬುಡದಲ್ಲಿ 5 ಸೆಂ.ಮೀ. ಬಿಟ್ಟಾಗ 25 ಗ್ರಾಂ ಹೋಗುತ್ತದೆ. ಎಕರೆಗೆ ಅದು 1 ಟನ್! ಮಾಗಿದ ಕಬ್ಬಿನಲ್ಲಿ ಸಕ್ಕರೆ ಅಂಶ ಹೆಚ್ಚಿರುವುದೂ ಬುಡದ ಗೆಣ್ಣುಗಳಲ್ಲೇ. ಇದಕ್ಕಿಂತ ದೊಡ್ಡ ನಷ್ಟ ಕೂಳೆ ಬೆಳೆಯದು. ಮೊಂಡು ಮಚ್ಚು ಬುಡವನ್ನು ಕತ್ತರಿಸದೆ ಜಜ್ಜಿ ಸೀಳುತ್ತದೆ. ಸೀಳಿದ ಬುಡಕ್ಕೆ ನೀರು, ಶಿಲೀಂಧ್ರ ಇಳಿದು ಮೊಳಕೆಯ ಕಣ್ಣುಗಳು ಕೊಳೆಯುತ್ತವೆ. ಎತ್ತರ ಉಳಿದ ಬುಡದಲ್ಲಿ ಮೇಲಿನ ಕಣ್ಣುಗಳು ಮೊದಲು ಒಡೆದು, ನೆಲಕ್ಕೆ ಬೇರು ಇಳಿಸಲಾರದ ಬಡಕಲು ಮರಿಗಳು ಬರುತ್ತವೆ.

ಕಠಿಣವೂ ಆಗಿರಬೇಕು, ಜಿಗುಟೂ ಆಗಿರಬೇಕು

ಒಳ್ಳೆಯ ಅಲಗಿನಲ್ಲಿ ಎರಡು ಗುಣ ಸೇರಿರಬೇಕು. ಬಾಯಿ ಕಠಿಣವಾಗಿದ್ದರೆ ಹರಿತ ನಿಲ್ಲುತ್ತದೆ. ಅಲಗು ಜಿಗುಟಾಗಿದ್ದರೆ ಕಲ್ಲಿಗೆ ತಾಗಿದರೂ ಮುಕ್ಕಾಗುವುದಿಲ್ಲ. ಒಂದನ್ನು ಹೆಚ್ಚಿಸಿದರೆ ಮತ್ತೊಂದು ಕಡಿಮೆಯಾಗುವುದರಿಂದ ಇವೆರಡನ್ನು ಹೊಂದಿಸುವುದೇ ಕಮ್ಮಾರನ ಕಸುಬು. ಈ ಸೀಮೆಗೆ ಆ ಕಸುಬು ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಮೂಸೆಯಲ್ಲಿ ಉಕ್ಕು ತಯಾರಿಸುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಇಂದು ಕುಲುಮೆಗೆ ಬರುವ ಉತ್ತಮ ಕಚ್ಚಾವಸ್ತು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಶೇಕಡಾ ಅರ್ಧದಿಂದ 0.6ರಷ್ಟು ಇಂಗಾಲವಿರುತ್ತದೆ. ಕಟ್ಟಡದ ಸಾಮಾನ್ಯ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ತೀರ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಅದು ಕಠಿಣವಾಗದು. ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದಾಗ ಅದು ಗಾಜಿನಂತೆ ಕಠಿಣವೂ ಪೆಡಸೂ ಆಗುತ್ತದೆ. ತಣಿಸುವ ಮುಂಚಿನ ಕಾವು ಸರಿಯಿದೆಯೇ ಎಂದು ತಿಳಿಯಲು ಹಳೆಯ ಸ್ಪೀಕರಿನ ಅಯಸ್ಕಾಂತ ಸಾಕು. ಸುಮಾರು 770 ಡಿಗ್ರಿ ಸೆಂಟಿಗ್ರೇಡ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚಿನ ಕಾವು ಬೇಕು. ಸ್ಪ್ರಿಂಗ್ ಉಕ್ಕನ್ನು ತಣ್ಣೀರಿಗಿಂತ ಎಣ್ಣೆಯಲ್ಲಿ ತಣಿಸುವುದು ಲೇಸು, ನೀರಿನಲ್ಲಿ ಬಿರುಕು ಬಿಡುವ ಸಂಭವ ಹೆಚ್ಚು.

ಅನಂತರ ಹದ ಇಳಿಸಬೇಕು. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿದರೆ ಬಣ್ಣ ಓಡುತ್ತದೆ: 220 ಡಿಗ್ರಿಯ ಹೊತ್ತಿಗೆ ಹುಲ್ಲಿನ ಹಳದಿ, 250ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಹೊಡೆದು ಕಡಿಯುವ ಮಚ್ಚಿನ ಬಾಯಿಗೆ ನೇರಳೆಯಿಂದ ನೀಲಿಗೆ ತಿರುಗುವ ಹದ ಸೂಕ್ತ. ಅನೇಕ ಕುಲುಮೆಗಳಲ್ಲಿ ಸುಗ್ಗಿಯ ಅವಸರಕ್ಕೆ ಬಿಟ್ಟುಹೋಗುವ ಹಂತವೆಂದರೆ ಇದೇ.

ಕೊಳ್ಳುವಾಗಿನ ಪರೀಕ್ಷೆ

ಮೊದಲು ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟ ಇದೆಯೇ ನೋಡಬೇಕು. ಹಿಡಿ ಹಾಕುವ ಮುಂಚೆಯಾದರೆ ದಾರದಲ್ಲಿ ತೂಗಿಬಿಟ್ಟು ಮೊಳೆಯಿಂದ ತಟ್ಟಿದಾಗ ಗಂಟೆಯಂತೆ ನಾದ ಬರಬೇಕು; ಒಡಕು ಸದ್ದು ಬಂದರೆ ಬಿರುಕಿದೆಯೆಂದು ಸಂದೇಹಿಸಬೇಕು. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವುದು ಅಪರೂಪವಲ್ಲ. ಸಂದೇಹ ಬಂದ ಅಲಗಿಗೆ ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿನಲ್ಲಿ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಅಂಥ ಮಚ್ಚು ಒಂದು ದಿನ ತುಂಡಾಗಿ ಹಾರುವುದು ಪಕ್ಕದ ಸಾಲಿನವನ ಕಾಲಿಗೇ ಆದೀತು. ಬೆಲೆ ಕಡಿಮೆಯೆಂದು ಅದನ್ನು ಕೊಳ್ಳಬಾರದು.

ಎಲ್ಲಕ್ಕಿಂತ ಉಪಯುಕ್ತವಾದುದು ಅರದ ಪರೀಕ್ಷೆ. ಸಣ್ಣ ಹಲ್ಲಿನ ಹೊಸ ಅರವನ್ನು ಮೊದಲು ಬೆನ್ನಿನ ಮೇಲೆ, ಬಳಿಕ ಬಾಯಿಯ ಪಕ್ಕದಲ್ಲಿ ಹಗುರವಾಗಿ ಎಳೆಯಬೇಕು. ಬಾಯಿಯ ಮೇಲೆ ಗಾಜಿನ ಮೇಲಿನಂತೆ ಜಾರಿದರೆ ಹದ ಇಳಿಸಿಲ್ಲ, ಮುಕ್ಕಾಗುತ್ತದೆ. ಮೊಳೆಯನ್ನು ಉಜ್ಜಿದಂತೆ ಸಲೀಸಾಗಿ ಕಚ್ಚಿದರೆ ಬಾಯಿ ಮೆದು. ಕಚ್ಚಿಯೂ ಕಚ್ಚದಂತೆ, ಕೈಗೆ ಪ್ರತಿರೋಧ ತಿಳಿಯುವಂತೆ ಹಿಡಿದರೆ ಹದ ಸರಿ. ಇಲ್ಲಿ ಒಂದು ಎಚ್ಚರ: ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗುವುದರಿಂದ ಮೊದಲ ಎಳೆತ ಯಾವಾಗಲೂ ಮೆದುವೆನಿಸುತ್ತದೆ. ಮೂರು ನಾಲ್ಕು ಎಳೆತದ ನಂತರವೇ ತೀರ್ಮಾನಕ್ಕೆ ಬರಬೇಕು.

ಇದಾದ ಮೇಲೆ ಒಣಬಿದಿರಿನ ಗೆಣ್ಣಿಗೆ ಐದಾರು ಏಟು ಹಾಕಿ, ಬಾಯಿಯನ್ನು ಬಿಸಿಲಿಗೆ ಎದುರಾಗಿ ಹಿಡಿಯಬೇಕು. ಹರಿತವಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ. ಎಲ್ಲಿ ಮಿನುಗುವ ಚುಕ್ಕೆ ಕಾಣುತ್ತದೆಯೋ ಅಲ್ಲಿ ಬಾಯಿ ಮಡಚಿದೆ ಅಥವಾ ಮುಕ್ಕಾಗಿದೆ. ಹತ್ತಿಯ ಎಳೆ ಸವರಿದರೆ ಮಡಚಿದ ಕಡೆ ಸಿಕ್ಕಿಕೊಳ್ಳುತ್ತದೆ. ಮುಕ್ಕಾದ ಮಚ್ಚಿಗೆ ಕಮ್ಮಾರ ಇನ್ನಷ್ಟು ಹದ ಇಳಿಸಿಕೊಡಬಹುದು. ಮಡಚಿದ್ದನ್ನು ಮತ್ತೆ ಕಾಯಿಸಿ ತಣಿಸಿ ನೋಡಬಹುದು; ಹಾಗೆ ಮಾಡಿದ ಮೇಲೂ ಮಡಚಿದರೆ ಅದು ಸಾದಾ ಕಬ್ಬಿಣ, ಅದಕ್ಕೆ ಮದ್ದಿಲ್ಲ.

ಗದ್ದೆಯಲ್ಲಿ ಪರೀಕ್ಷೆ

ಮೊದಲ ನೂರು ಜಲ್ಲೆಗೆ ಎಲ್ಲ ಮಚ್ಚೂ ಒಳ್ಳೆಯದೇ. ಆದ್ದರಿಂದ ಎರಡು ಮಚ್ಚುಗಳನ್ನು ಹೋಲಿಸುವವರು ಒಂದೇ ತಾಕು, ಒಂದೇ ತಳಿ, ಒಬ್ಬನೇ ಆಳು, ಒಂದೇ ಸಾಣೆಕಲ್ಲು ಎಂಬ ನಿಯಮ ಇಟ್ಟುಕೊಳ್ಳಬೇಕು. ಒಂದರಿಂದ 50 ಜಲ್ಲೆ, ಮತ್ತೊಂದರಿಂದ 50, ಹೀಗೆ ಬದಲಾಯಿಸುತ್ತ ಹೋದರೆ ಆಳಿನ ದಣಿವು ಎರಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಪ್ರತಿ ಮಚ್ಚಿಗೆ ನೂರು ಜಲ್ಲೆ ತುಂಬಿದಾಗಲೆಲ್ಲ ಎರಡನೇ ಏಟು ಬೇಕಾದ ಜಲ್ಲೆಗಳೆಷ್ಟು, ಸೀಳಿದ ಬುಡಗಳೆಷ್ಟು ಎಂದು ಬರೆದುಕೊಳ್ಳಬೇಕು. ಮಧ್ಯೆ ಸಾಣೆ ಹಿಡಿಯಬಾರದು. ಮೂರನೆಯ, ನಾಲ್ಕನೆಯ ನೂರರಲ್ಲಿ ಈ ಎರಡು ಸಂಖ್ಯೆ ಯಾವುದರಲ್ಲಿ ಕಡಿಮೆಯೋ ಅದೇ ಮೇಲು. ಕಬ್ಬಿನ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದಲೂ ಬುಡದ ಮಣ್ಣಿನಲ್ಲಿ ಮರಳಿರುವುದರಿಂದಲೂ ಮೆದು ಬಾಯಿ ಅಷ್ಟರೊಳಗೆ ತನ್ನ ಬಣ್ಣ ಬಯಲು ಮಾಡುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮದ ಎರಡು ಮೂರು ಕುಲುಮೆಗಳ ಮಚ್ಚುಗಳನ್ನು ಕಟಾವಿನ ಆರಂಭದಲ್ಲಿ ಹೀಗೆ ಹೋಲಿಸಿ ತೋರಿಸಬಹುದು. ಖರ್ಚು ಏನೂ ಇಲ್ಲ.

ಎಲ್ಲ ಕೆಲಸಕ್ಕೂ ಒಂದೇ ಅಳತೆಗೋಲು ಸಲ್ಲದು. ಮದ್ದೂರಿನ ಎಳನೀರು ಕೆತ್ತುವ ಮಚ್ಚಿಗೆ ತೂಕ ಬೇಕು, ಅದು ನೆಲ ಮುಟ್ಟುವುದಿಲ್ಲವಾದ್ದರಿಂದ ಬಾಯಿ ತೆಳುವಾಗಿದ್ದರೂ ನಡೆಯುತ್ತದೆ. ಮಳವಳ್ಳಿ ಕಡೆಯ ಹಿಪ್ಪುನೇರಳೆ ತೋಟದಲ್ಲಿ ಬುಡ ಸವರುವ ಕತ್ತಿ ಹಗುರವಾಗಿ, ಅತಿ ಹರಿತವಾಗಿರಬೇಕು. ಕಡಿದ ಕಡ್ಡಿಯ ತೊಗಟೆ ಸುಲಿದು ಜೋತುಬಿದ್ದರೆ ಕತ್ತಿ ಕೆಲಸಕ್ಕೆ ಬಾರದೆಂದೇ ಅರ್ಥ. ಕಬ್ಬಿನ ಮಚ್ಚಿಗೆ ಬಾಯಿಯ ಕೋನ ಸುಮಾರು 30 ಡಿಗ್ರಿ ಇರಲಿ. ಚೌಕ ಕಾಗದದ ಮೂಲೆಯನ್ನು ಮೂರು ಸಮಪಾಲಾಗಿ ಮಡಿಸಿದರೆ ಆ ಅಳತೆ ಸಿಗುತ್ತದೆ.

ಸರಿಯಾದ ಹದವನ್ನು ಕೊಂಡ ಮೇಲೆ ಕೆಡಿಸಿಕೊಳ್ಳುವವರೂ ಉಂಟು. ಕರೆಂಟಿನ ಸಾಣೆಯಲ್ಲಿ ಒತ್ತಿ ಹಿಡಿದು ಬಾಯಿ ಕಡುನೀಲಿಯಾಗಿ ಬೂದು ತಿರುಗಿದರೆ ಅಷ್ಟು ಭಾಗದ ಕಠಿಣತೆ ಹೋಯಿತು. ಆಗಾಗ್ಗೆ ನೀರಿಗೆ ಅದ್ದುತ್ತಿರಬೇಕು, ಇಲ್ಲವೇ ಕೈ ಸಾಣೆಯನ್ನೇ ಬಳಸಬೇಕು. ಬಿತ್ತನೆ ತುಂಡು ಮಾಡುವಾಗ ಕೂಳೆ ಕುಂಠನ ರೋಗ ಮಚ್ಚಿನ ಬಾಯಿಯಿಂದಲೇ ಹರಡುವುದರಿಂದ ಅಲಗನ್ನು ಶುದ್ಧಿ ಮಾಡಿಕೊಳ್ಳುವುದು ಅವಶ್ಯ. ಆದರೆ ಬೆಂಕಿಯಲ್ಲಿ ಸುಡಬಾರದು, ಹದ ಇಳಿದುಹೋಗುತ್ತದೆ. ಲೈಸಾಲಿನಂಥ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಕಬ್ಬಿನ ಹಾಲು ಹುಳಿ ಗುಣದ್ದಾದ್ದರಿಂದ ಸಂಜೆ ತೊಳೆದು, ಒರೆಸಿ, ಎಣ್ಣೆ ಸವರಿಡುವುದನ್ನು ಮರೆಯಬಾರದು.

ಗದ್ದೆಯ ಪರೀಕ್ಷೆಯ ಲೆಕ್ಕವನ್ನು ಕಮ್ಮಾರನಿಗೂ ತಿಳಿಸಬೇಕು. ಮುಕ್ಕಾಯಿತೋ ಮಡಚಿತೋ ಎಂದು ಬಾಯಿ ಬಿಟ್ಟು ಹೇಳಿದರೆ ಮುಂದಿನ ಮಚ್ಚಿಗೆ ಎಷ್ಟು ಬಣ್ಣ ಓಡಿಸಬೇಕೆಂಬುದು ಆತನಿಗೆ ಗೊತ್ತಾಗುತ್ತದೆ.